ಜನರಲ್ ಸಾಹೇಬರ ಕುದುರೆಯ ಪಟ್ಟಾ

ನಮ್ಮ ಕನ್ನಡ ಸಂಘದವರು ವರ್ಷಕ್ಕೊಂದು ಸ್ಮರಣ ಸಂಚಿಕೆ ತರುತ್ತಾರೆ. ಅದರಲ್ಲಿ ಆ ವರ್ಷ ತೀರಿಕೊಂಡವರಿಗೆ ತಲಾ ಒಂದು ಪುಟ. ಕಾಕಾನ ಪುಟ ನೀವೇ ಬರೆದುಕೊಡಿ ಎಂದು ಸಂಪಾದಕರು ನನಗೊಂದು ಫಾರಮ್ಮು ಕಳಿಸಿದ್ದರು. ಹೆಸರು, ಹುಟ್ಟೂರು, ವಿದ್ಯಾಭ್ಯಾಸ, ಅಲಂಕರಿಸಿದ ಹುದ್ದೆಗಳು, ಒಂದು ಫೋಟೋ. ನಾನು ಫೋನ್ ಮಾಡಿ, ಹೆಸರು ಬರೆಯೋದಿಲ್ಲ, ಫೋಟೋನೂ ಕೊಡೋದಿಲ್ಲ ಅಂದೆ. ಅವರು, ಹೆಸರಿಲ್ಲದೆ ಶ್ರದ್ಧಾಂಜಲಿ ಹೇಗೆ ಮೇಡಂ, ಓದಿದವರು ಯಾರು ಸತ್ತರು ಅಂತ ಕೇಳಲ್ವಾ ಅಂದರು. ಕೇಳಲಿ ಬಿಡಿ ಅಂದೆ. ಕೊನೇವರೆಗೆ ಓದಿದರೆ ಕಾರಣ ತಿಳಿಯುತ್ತೆ, ಅರ್ಧಕ್ಕೆ ಬಿಡುವವರಿಗೆ ಹೆಸರು ತಿಳಿದು ಏನಾಗಬೇಕು?

ಅಲಂಕರಿಸಿದ ಹುದ್ದೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೆನಡಾದ ವಾನ್ ಅನ್ನುವ ಊರಿನ ಒಂದು ವೇರ್‌ಹೌಸಿನ ಲೋಡಿಂಗ್ ಡಾಕಿನಲ್ಲಿ ಕಾಕಾ ಲಾರಿಗಳಿಗೆ ಸಾಮಾನು ತುಂಬಿಸಿ ಬೆಲ್ಟು ಬಿಗಿಯುತ್ತಿದ್ದರು. ಅಲಂಕಾರ ಅಂತ ಅಲ್ಲಿ ಇದ್ದದ್ದು ಒಂದು ಹಳದಿ ಜಾಕೆಟ್ಟು. ಅದಕ್ಕೂ ಮುಂಚೆ ಬೆಳಗಾವಿ ಕಡೆ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ನಾನು ಅದೇ ವೇರ್‌ಹೌಸಿನ ಶಿಪ್ಪಿಂಗ್ ಆಫೀಸಿನಲ್ಲಿ ಕೂತು ಕಾಗದ ಪತ್ರ ನೋಡುವವಳು. ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಒಂದು ಗಾಜಿನ ಕಿಟಕಿ ಇತ್ತು. ನಾನು ಮೈಸೂರಿನವಳು, ಅವರು ಆ ತುದಿಯವರು. ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ನಾನೂ ಎಲ್ಲರ ಹಾಗೆ ಕಾಕಾ ಅನ್ನುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನವೇ ನೋಡಿದೆ. ತುಂಬಿದ ಲಾರಿಯೊಂದು ಡಾಕು ಬಿಟ್ಟು ಹತ್ತು ಹೆಜ್ಜೆ ಮುಂದೆ ಹೋಯಿತು, ನಿಂತಿತು. ಹಳದಿ ಜಾಕೆಟ್ಟಿನ ಮುದುಕರೊಬ್ಬರು ನಿಧಾನವಾಗಿ ನಡೆದು ಹೋಗಿ, ಹಿಂದಿನ ಬಾಗಿಲು ತೆಗೆಸಿ, ಒಳಗೆ ಹತ್ತಿದರು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನ ಭಾಷೆಯಲ್ಲಿ ಏನೇನೋ ಬೈಯುತ್ತಿದ್ದ. ಇವರು ಬೆಲ್ಟುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿದು, ಇಳಿದು, ಲಾರಿಯ ಬೆನ್ನು ತಟ್ಟಿ, ಹೋಗು ಅಂತ ಕೈ ಬೀಸಿದರು. ಎಲ್ಲ ಲಾರಿಗೂ ಹೀಗೇ. ಮಧ್ಯಾಹ್ನ ಊಟಕ್ಕೆ ಕೂತಾಗ, ಮೊದಲನೇ ಸಲವೇ ಸರಿಯಾಗಿ ಬಿಗಿಯೋಕೆ ಆಗಲ್ವಾ ಅಂತ ಕೇಳಿದೆ. ಹೊಸಬಳು, ಬಾಯಿ ಸ್ವಲ್ಪ ಜಾಸ್ತಿ.

ಅವರು ಜೋಳದ ರೊಟ್ಟಿ ಮುರಿಯುತ್ತಾ, "ಕುದುರಿಗೆ ಜೀನು ಕಟ್ಟೂದು ನೋಡೀಯೇನು ತಂಗಿ?" ಅಂದರು.

ಇಲ್ಲ ಅಂದೆ. ಅದಾದ ಮೇಲೆ ಅರ್ಧ ಗಂಟೆ ನನಗೆ ಬೇರೆ ಮಾತಾಡುವ ಅವಕಾಶ ಸಿಗಲಿಲ್ಲ. ಜೀನು ಕುದುರೆಯ ಬೆನ್ನ ಮೇಲೆ ನಿಲ್ಲುವುದು ಹೊಟ್ಟೆಯ ಕೆಳಗೆ ಸುತ್ತಿಬರುವ ಒಂದು ಪಟ್ಟಾದಿಂದ. ಆ ಪಟ್ಟಾ ಬಿಗಿಯುವಾಗ ಕುದುರೆ ಬೇಕಂತಲೇ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದಂತೆ. ಕಟ್ಟುವವನು ಬಿಗಿಯಾಯಿತು ಅಂದುಕೊಳ್ಳುತ್ತಾನೆ. ಅವನು ಆ ಕಡೆ ತಿರುಗಿದ ಮೇಲೆ ಕುದುರೆ ಉಸಿರು ಬಿಡುತ್ತದೆ, ಪಟ್ಟಾ ಸಡಿಲ. ಮೇಲೆ ಕೂತ ಮಹಾರಾಯ ಮೊದಲ ತಿರುವಿನಲ್ಲೇ ಜೀನಿನ ಸಮೇತ ಕುದುರೆಯ ಹೊಟ್ಟೆಯ ಕೆಳಗೆ. ಅದಕ್ಕೇ ಸವಾರ ಹತ್ತಿ ಕೂತ ಮೇಲೆ ಹತ್ತು ಹೆಜ್ಜೆ ನಡೆಸಬೇಕು, ನಿಲ್ಲಿಸಬೇಕು, ಎರಡನೇ ಸಲ ಬಿಗಿಯಬೇಕು.

ಲಾರಿ ಹೊಟ್ಟೆ ಉಬ್ಬಿಸುತ್ತಾ ಕಾಕಾ, ಅಂದೆ. ಲಾರಿ ಅಷ್ಟ ಅಲ್ಲ, ಮಂದಿನೂ ಉಬ್ಬಸ್ತಾರ ಅಂದರು. ಇದನ್ನೆಲ್ಲ ಅವರಿಗೆ ಕಲಿಸಿದ್ದು ಅವರ ಮುತ್ಯಾ, ಅಂದರೆ ಅಜ್ಜ. ಮುತ್ಯಾ ಬೆಳಗಾವಿಯ ಕ್ಯಾಂಪಿನಲ್ಲಿ ಬ್ರಿಟಿಷ್ ಕುದುರೆ ಪಡೆಯ ಒಬ್ಬ ಸಾಹೇಬನ ಸೈಸ, ಕುದುರೆಯ ಆಳು. ಸಾಹೇಬ ಕ್ಯಾಪ್ಟನ್ ಆಗಿದ್ದಾಗ ಹಿಡಿದ ಲಗಾಮನ್ನು ಅವನು ಜನರಲ್ ಆಗಿ ಪೆನ್ಷನ್ ತೆಗೆದುಕೊಳ್ಳುವವರೆಗೆ ಮುತ್ಯಾ ಬಿಡಲಿಲ್ಲ. ಸಣ್ಣವರಿದ್ದಾಗ ಕಾಕಾನ ಚಡ್ಡಿಯ ಲಾಡಿಯನ್ನೂ ಮುತ್ಯಾನೇ ಕಟ್ಟುತ್ತಿದ್ದದ್ದು. ಕಟ್ಟಿ, ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸಿ, "ಹೊಟ್ಟಿ ಉಬ್ಬಿಸಿ ಕಟ್ಟಿಸ್ಕೋತೀಯಾ ಮಗನ" ಅಂತ ಎರಡನೇ ಸಲ ಜಗ್ಗುತ್ತಿದ್ದನಂತೆ. ಶಾಲೆ ಬಿಟ್ಟು ಮನೆಗೆ ಬರುವವರೆಗೆ ಉಸಿರಾಡುವುದೇ ಕಷ್ಟವಾಗುತ್ತಿತ್ತು ಅಂತ ಕಾಕಾ ಹೇಳುತ್ತಿದ್ದರು.

ನಮ್ಮ ಸೂಪರ್‌ವೈಸರ್ ಜಸ್ಬೀರನಿಗೆ ಈ ಹತ್ತು ಹೆಜ್ಜೆಯ ಶಾಸ್ತ್ರ ಕಂಡರೆ ಮೈ ಉರಿಯುತ್ತಿತ್ತು. ಲಾರಿಗೆ ಐದು ನಿಮಿಷ ಅಂದರೆ ದಿನಕ್ಕೆ ಎಷ್ಟಾಯಿತು ಜನರಲ್ ಸಾಬ್ ಅಂತ ಹಿಂದಿಯಲ್ಲಿ ರೇಗುತ್ತಿದ್ದ. ಕಾಕಾ ಹಿಂದಿಯಲ್ಲೇ ಹಾಂ ಜೀ ಅನ್ನುತ್ತಿದ್ದರು, ಮಾಡುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಒಂದು ಶುಕ್ರವಾರ ಒಬ್ಬ ಡ್ರೈವರು, ನಾನು ನಿಲ್ಲಿಸೋದಿಲ್ಲ ಏನ್ ಮಾಡ್ತೀಯಾ ಅಂತ ಹಾಗೇ ಹೊರಟುಬಿಟ್ಟ. ಗೇಟಿನಿಂದ ಎರಡನೇ ಸಿಗ್ನಲ್ಲಿನ ತಿರುವಿನಲ್ಲಿ ಟೊಮ್ಯಾಟೊ ಸಾಸಿನ ಬಾಟಲಿಗಳು ಒಂದು ಕಡೆಗೆ ವಾಲಿ, ಬಾಗಿಲು ಒಡೆದು, ರಸ್ತೆಯ ತುಂಬಾ ಹರಿಯಿತು. ಪೊಲೀಸರು ದೂರದಿಂದ ನೋಡಿ ಆಂಬ್ಯುಲೆನ್ಸು ಕರೆದರು. ಜಸ್ಬೀರ ತಲೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಕಾಕಾ ಹೋಗಿ ಅವನ ಪಕ್ಕ ನಿಂತು, ಬೆಳಗಾವ್ಯಾಗೂ ಒಮ್ಮೆ ಹಿಂಗ ಆಗಿತ್ತು ಅಂತ ತಮ್ಮ ಹಿಂದಿಯಲ್ಲಿ ಶುರು ಮಾಡಿದರು. ಸೋಮವಾರದಿಂದ ಹತ್ತು ಹೆಜ್ಜೆ ಕಂಪನಿಯ ರೂಲ್ ಆಯಿತು.

ಬೆಳಗಾವಿಯಲ್ಲಿ ಆಗಿದ್ದು ಇದು. ನಮಗೆಲ್ಲ ಬಾಯಿಪಾಠ ಆಗಿಬಿಟ್ಟಿದೆ. ಸಾಹೇಬ ಆಗಿನ್ನೂ ಮೇಜರ್. ಲಾಟ್‌ಸಾಹೇಬರ, ಅಂದರೆ ಗವರ್ನರರ, ಎದುರು ಕವಾಯತು. ಅದೇ ಹೊತ್ತಿಗೆ ಮುತ್ಯಾ ತನ್ನ ತಂಗಿಯ ಮದುವೆಗೆ ಅಂತ ಮೂರು ದಿನ ರಜೆ ಹಾಕಿ ಊರಿಗೆ ಹೋಗಿದ್ದ. ಬದಲಿಗೆ ಬಂದ ಸೈಸ ಪಟ್ಟಾ ಒಂದೇ ಸಲ ಬಿಗಿದ. ಮೇಜರ್ ಸಾಹೇಬ ಕತ್ತಿ ಎತ್ತಿ ಸಲಾಮು ಹೊಡೆಯುತ್ತಾ ಲಾಟ್‌ಸಾಹೇಬರ ಮುಂದೆ ಹಾದು ಹೋಗುವಾಗ ಜೀನು ಮೆಲ್ಲಗೆ ತಿರುಗಿತು. ಸಾಹೇಬನೂ ತಿರುಗಿದ. ಕತ್ತಿ ಮಾತ್ರ ಕೊನೇವರೆಗೆ ಸಲಾಮಿನಲ್ಲೇ ಇತ್ತಂತೆ. ಈ ಸಾಹೇಬ ಆಮೇಲೆ ತನ್ನ ಜೀವನ ಚರಿತ್ರೆ ತಾನೇ ಬರೆದುಕೊಂಡ, ದಪ್ಪದ ಪುಸ್ತಕ. ಅದರಲ್ಲಿ ಈ ಘಟನೆಗೆ ಒಂದೇ ವಾಕ್ಯ: ಆ ಬೆಳಿಗ್ಗೆ ನೆಲ ಜಾರುತ್ತಿತ್ತು. ಕಾಕಾ ಪ್ರತಿ ಸಲವೂ ಇಲ್ಲಿಗೆ ಬಂದಾಗ ರೊಟ್ಟಿ ಕೆಳಗಿಡುತ್ತಿದ್ದರು. "ಮೇ ತಿಂಗಳದಾಗ ಬೆಳಗಾವ್ಯಾಗ ಜಾರೂ ನೆಲ ಎಲ್ಲಿಂದ ಬಂತವಾ? ಲಾಟ್‌ಸಾಹೇಬನ ಹೇಣ್ತಿ ನೀರು ಚೆಲ್ಲಿದ್ದಳೇನು?"

ಆ ಪುಸ್ತಕದ ಹಳೇ ಪ್ರತಿಯೊಂದನ್ನು ಕಾಕಾ ಎಲ್ಲಿಂದಲೋ ತರಿಸಿಕೊಂಡು, ರಟ್ಟು ಹಾಕಿಸಿ ಇಟ್ಟುಕೊಂಡಿದ್ದರು. ಸಾಹೇಬ ಹೇಳುವುದು ಒಂದು, ಕಾಕಾ ಹೇಳುವುದು ಇನ್ನೊಂದು. ಯಾವುದೋ ಗಡಿನಾಡಿನ ಗುಡ್ಡದ ಇಳಿಜಾರಿನಲ್ಲಿ ಪಡೆಯೆಲ್ಲ ಕುದುರೆ ಓಡಿಸಿಕೊಂಡು ಇಳಿದಾಗ ಅರ್ಧಕ್ಕರ್ಧ ಸವಾರರು ನೆಲ ಕಂಡರು. ಇವನೊಬ್ಬ ಕೂತೇ ಇದ್ದ, ಅದಕ್ಕೆ ಪದಕ ಬಂತು. ದೇವರ ದಯೆಯಿಂದ ನಾನು ಜೀನಿನ ಮೇಲೇ ಉಳಿದೆ ಅಂತ ಬರೆದುಕೊಂಡಿದ್ದಾನೆ. ಕಾಕಾ ಅದನ್ನು ಓದಿ ಹೇಳಿ, "ದೇವರ ದಯಾ ಖರೇನ. ಆದ್ರ ದೇವರು ಆ ಹೊತ್ತಿನ್ಯಾಗ ಕುದುರಿ ಹೊಟ್ಟಿ ಬುಡಕ ಕೂತು ಪಟ್ಟಾ ಜಗ್ಗಾಕತ್ತಿದ್ದ" ಅನ್ನುತ್ತಿದ್ದರು.

ನಗಿಸುತ್ತಿದ್ದರು ನಿಜ. ಆದರೆ ಒಂದು ಸಲ ಹಾಗಲ್ಲದ ಮುಖವನ್ನೂ ನೋಡಿದ್ದೇನೆ. ಅವರ ರಿಟೈರ್‌ಮೆಂಟಿನ ವಾರ. ಪುಸ್ತಕವನ್ನು ಆಫೀಸಿಗೆ ತಂದು ಕೊನೇ ಪುಟಗಳನ್ನು ನನಗೆ ತೋರಿಸಿದರು. ಅಲ್ಲಿ ಹೆಸರುಗಳ ಪಟ್ಟಿ ಇತ್ತು. ಸಾಹೇಬನ ಕುದುರೆಗಳಿಗೆಲ್ಲ ಹೆಸರಿತ್ತು. ಅವನ ನಾಯಿಗಳಿಗೂ ಇತ್ತು. ಯಾರದೋ ಬಂಗಲೆಯಲ್ಲಿ ಅವನನ್ನು ಕಚ್ಚಿದ ಒಂದು ಕೋತಿಗೂ ಇತ್ತು. ಮುತ್ಯಾ ಇಡೀ ಪುಸ್ತಕದಲ್ಲಿ ಬರುವುದು ಒಂದೇ ಕಡೆ, ನನ್ನ ಆಳು ಕುದುರೆ ತಂದ ಅಂತ. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು, "ಮೂವತ್ತು ವರ್ಷ ದಿನಾ ಬೈಸಿಕೊಂತ ಬಿಗದಾನ ತಂಗಿ. ಎಲ್ಲ್ಯರ ಒಂದ ಕಡೆ ನಮ್ಮ ಮುತ್ಯಾನ ಹೆಸರು ಬರದದ್ದು ನೋಡಿ ಸಾಯಬೇಕು ಅಂತ ಐತಿ. ಮತ್ತೇನೂ ಆಸೆ ಇಲ್ಲ" ಅಂದರು. ನನಗೆ ಅಳು ಬಂತು. ಕಾಗದ ಹುಡುಕುವವಳ ಹಾಗೆ ಡ್ರಾಯರಿನೊಳಗೆ ಮುಖ ಹಾಕಿ ಕೂತೆ.

ಕಾಕು, ಅಂದರೆ ಕಾಕಾನ ಹೆಂಡತಿ, ಇದನ್ನೆಲ್ಲ ಬೇರೆ ಥರ ಹೇಳುತ್ತಿದ್ದರು. ಈ ಮನ್ಯಾಗ ನಾವು ಇಬ್ಬರಲ್ಲವಾ, ನಾಕು ಮಂದಿ: ನಾನು, ಇವರು, ಇವರ ಮುತ್ಯಾ, ಆಮ್ಯಾಲೆ ಆ ಹಾಳಾದ ಜನರಲ್. ಮನೆ ಬ್ರಾಂಪ್ಟನ್ನಿನಲ್ಲಿ ದೊಡ್ಡದು ಸಿಗುತ್ತಿತ್ತಂತೆ. ಆದರೆ ಜನರಲ್ ಕೊನೆಗಾಲಕ್ಕೆ ಕೆನಡಾಕ್ಕೆ ಬಂದು ಸ್ಟ್ರೀಟ್ಸ್‌ವಿಲ್‌ನಲ್ಲಿ ಸೇಬಿನ ತೋಟ ಮಾಡಿಕೊಂಡಿದ್ದ ಅಂತ ಪುಸ್ತಕದ ಕೊನೇ ಅಧ್ಯಾಯದಲ್ಲಿ ಇತ್ತಲ್ಲ, ಅದಕ್ಕೇ ಕಾಕಾ ಸ್ಟ್ರೀಟ್ಸ್‌ವಿಲ್ಲೇ ಆಗಬೇಕು ಅಂತ ಹಟ ಹಿಡಿದು ಅಲ್ಲೊಂದು ಬೆಂಕಿಪೊಟ್ಟಣದಂಥ ಮನೆ ಕೊಂಡರು. ಕಾಕು ಹೇಳುವ ಇನ್ನೊಂದು ಕಥೆ ಅವರ ಮದುವೆಯದು. ಸಪ್ತಪದಿ ಮುಗಿಯಿತು, ಗಂಡನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕಿದ್ದರು. ಮಂಟಪದಿಂದ ಇಳಿದು ಹತ್ತು ಹೆಜ್ಜೆ ನಡೆದರೋ ಇಲ್ಲವೋ, ಮದುಮಗ ಗಕ್ಕನೆ ನಿಂತು, ಬಗ್ಗಿ, ಗಂಟನ್ನು ಇನ್ನೊಂದು ಸಲ ಜಗ್ಗಿ ಬಿಗಿದನಂತೆ. ಬೀಗರ ಕಡೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. "ಅವತ್ತ ತಿಳೀತು ನನಗ, ಈ ಗಂಟು ಬಿಚ್ಚೂ ಗಂಟಲ್ಲ ಅಂತ" ಅನ್ನುವಾಗ ಕಾಕುವಿನ ಮುಖದಲ್ಲಿ ಬೈಗುಳ ಇರುತ್ತಿರಲಿಲ್ಲ.

ನನಗೂ ಅವರಿಂದ ಕಾಟ ಕಡಿಮೆ ಏನಿರಲಿಲ್ಲ. ಕಾರಿನಲ್ಲಿ ಕರೆದುಕೊಂಡು ಹೋಗುವಾಗ ಪಾರ್ಕಿಂಗಿನಿಂದ ಸ್ವಲ್ಪ ಮುಂದೆ ಬಂದ ಕೂಡಲೇ ನಿಲ್ಲಿಸು ಅನ್ನುವರು. ಸೀಟ್ ಬೆಲ್ಟು ಇನ್ನೊಂದು ಸಲ ಜಗ್ಗಿ ನೋಡಬೇಕು. ಹಿಮ ಸುರಿಯಲಿ, ಹಿಂದಿನವರು ಹಾರ್ನು ಹೊಡೆಯಲಿ, ಅವರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಒಂದು ದಿನ ಸಿಟ್ಟು ಬಂದು, ಇಷ್ಟೆಲ್ಲ ಕುದುರೆ ಶಾಸ್ತ್ರ ಹೇಳ್ತೀರಲ್ಲ ಕಾಕಾ, ನೀವು ಒಂದು ದಿನವಾದರೂ ಕುದುರೆ ಹತ್ತಿದ್ದೀರಾ ಅಂತ ಕೇಳಿದೆ. "ನಮ್ಮ ಮನಿತನದಾಗ ಯಾರೂ ಹತ್ತಿಲ್ಲವಾ. ಹತ್ತಸೂದಷ್ಟ ನಮ್ಮ ಕೆಲಸ" ಅಂದರು. ನಾನು ಗೇರು ಹಾಕಿ ಗಾಡಿ ಓಡಿಸಿದೆ.

ಹೋದ ವರ್ಷ ವಸಂತದಲ್ಲಿ ಕಾಕು ಲೈಬ್ರರಿಯಿಂದ ಒಂದು ಚೀಟಿ ತಂದರು. ಊರಿನ ಹಳೇ ಇತಿಹಾಸ ಕೆದಕುವ ಹವ್ಯಾಸಿಗಳ ಗುಂಪೊಂದು ಲೈಬ್ರರಿಯ ಪಕ್ಕದ ಹಾಲಿನಲ್ಲಿ ಪ್ರದರ್ಶನ ಇಟ್ಟಿತ್ತು. ಇಲ್ಲೇ ಕೊನೆಯುಸಿರೆಳೆದ ಜನರಲ್ ಸಾಹೇಬರ ಬದುಕು ಮತ್ತು ಸೇವೆ ಅಂತ. ಅವರ ಮೊಮ್ಮಗಳು ಯೂನಿಯನ್‌ವಿಲ್‌ನಲ್ಲಿ ಇದ್ದಾರೆ, ಮನೆಯಲ್ಲಿದ್ದ ಫೋಟೋಗಳನ್ನು ಕೊಟ್ಟಿದ್ದಾರೆ, ಶನಿವಾರ ಅವರೇ ಬರುತ್ತಾರೆ ಅಂತ ಅದರಲ್ಲಿ ಇತ್ತು. ಕಾಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಶನಿವಾರ ನಾನು ಕರೆದುಕೊಂಡು ಹೋಗಲು ಬಂದಾಗ ಕರೀ ಕೋಟು, ಬಿಳೀ ಟೋಪಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅವತ್ತು ಸೀಟ್ ಬೆಲ್ಟನ್ನು ಮೂರನೇ ಸಲವೂ ಜಗ್ಗಿದರು.

ಹಾಲಿನ ಬಾಗಿಲು ಒಳಗೆ ತೆರೆದುಕೊಳ್ಳುವಂಥದ್ದು. ಅದನ್ನು ಅರ್ಧ ತೆರೆದು, ಮುಚ್ಚಿಕೊಳ್ಳದ ಹಾಗೆ ಒಂದು ಕುರ್ಚಿ ಅಡ್ಡ ಇಟ್ಟಿದ್ದರು. ಒಳಗೆ ಪದಕಗಳು, ಕತ್ತಿ, ಟೋಪಿ. ನಡುವಿನ ಗೋಡೆಯಲ್ಲಿ ಬಾಗಿಲಿನಷ್ಟು ದೊಡ್ಡ ಫೋಟೋ: ಜನರಲ್ ಸಾಹೇಬ ಕುದುರೆಯ ಮೇಲೆ, ಕೆಳಗೆ ಲಗಾಮು ಹಿಡಿದು ನೆಟ್ಟಗೆ ನಿಂತ ರುಮಾಲಿನ ಮನುಷ್ಯ. ಕೆಳಗಿನ ಚೀಟಿಯಲ್ಲಿ ಜನರಲ್ ಹೆಸರು, ಕುದುರೆಯ ಹೆಸರು, ಆಮೇಲೆ ಒಬ್ಬ ಸೈಸ ಅಂತ. ಮೊಮ್ಮಗಳು ಮಾರ್ಗರೆಟ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಎಂಬತ್ತೈದು ದಾಟಿದ ಹೆಂಗಸು, ಕೋಲು ಹಿಡಿದರೂ ಕಣ್ಣು ಚುರುಕು. ನಾನು ಹೋಗಿ ಇವರು ಯಾರು, ಯಾಕೆ ಬಂದಿದ್ದಾರೆ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಎದ್ದು ನಿಂತು ಕಾಕಾನ ಎರಡೂ ಕೈ ಹಿಡಿದುಕೊಂಡರು. ಇವನ ಹೆಸರು ತಿಳಿಯಲಿಲ್ಲವಲ್ಲ ಅಂತ ನನಗೆ ಯಾವಾಗಲೂ ಬೇಜಾರಿತ್ತು, ಈಗಲೇ ಬರೆದುಬಿಡುತ್ತೇನೆ ಅಂತ ಚೀಲದಿಂದ ಪೆನ್ನು ತೆಗೆದರು. ಇವನೇ ಅಲ್ಲವಾ ಅಂತ ಕೇಳಿದರು.

ಕಾಕಾ ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಫೋಟೋದ ಹತ್ತಿರಕ್ಕೆ ಹೋಗಿ ಸೈಸನ ಮುಖ ನೋಡಿದರು, ಆಮೇಲೆ ಕುದುರೆಯ ಹೊಟ್ಟೆ ನೋಡಿದರು. ತುಂಬಾ ಹೊತ್ತು ನೋಡಿದರು. ಕೊನೆಗೆ ಮಾರ್ಗರೆಟ್ ಕಡೆ ತಿರುಗಿ, ನೋ ಮ್ಯಾಡಮ್, ಅಂದರು.

ನನಗೆ ತಡೆಯಲಿಕ್ಕೆ ಆಗಲಿಲ್ಲ. ಕಿವಿಯ ಹತ್ತಿರ ಹೋಗಿ, "ಕಾಕಾ, ಹೌದು ಅಂದ್ಬಿಡಿ. ನೂರು ವರ್ಷದ ಹಳೇ ಫೋಟೋ, ಯಾರಿಗೆ ಗೊತ್ತಾಗತ್ತೆ?" ಅಂದೆ.

"ಪಟ್ಟಾದ ತುದಿ ನೋಡು, ಹೆಂಗ ಜೋತಾಡಾಕತ್ತೈತಿ. ನಮ್ಮ ಮುತ್ಯಾ ಹಂಗ ಬಿಡೂವನಲ್ಲ. ಇವ ಯಾರೋ ಬದಲಿಗೆ ಬಂದಾವ, ಇವನೂ ಯಾರದೋ ಮುತ್ಯಾ ಇರಬೇಕು. ಇವನ ಜಾಗಾದಾಗ ನಮ್ಮ ಮುತ್ಯಾನ ಹೆಸರು ಬರಸಿದ್ರ, ಆ ಜನರಲ್ ಮಾಡಿದ್ದನ್ನ ನಾನೂ ಮಾಡಿದಂಗಾತು."

ಅಷ್ಟು ಹೇಳಿ ಮಾರ್ಗರೆಟ್ಟಿಗೆ ಕೈ ಮುಗಿದು ಹೊರಟೇಬಿಟ್ಟರು. ಆಕೆ ಪೆನ್ನು ಹಿಡಿದುಕೊಂಡು ಹಾಗೇ ನಿಂತಿದ್ದರು. ನನಗೆ ಕಾಕಾನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಹೇಳಲಾರೆ. ಜೀವನಪೂರ್ತಿ ಕಾದದ್ದು ಕೈಗೆ ಬಂದಿದೆ, ಅದನ್ನು ಒಂದು ಪಟ್ಟಾದ ತುದಿಗೋಸ್ಕರ ಬಿಟ್ಟು ಹೋಗುತ್ತಾರಲ್ಲ. ಅವರ ಹಿಂದೆ ಬಿರಬಿರನೆ ಹೊರಟೆ. ಬಾಗಿಲ ಹತ್ತಿರ ಬಂದವರು ಅಭ್ಯಾಸಬಲದಿಂದ ನಿಂತರು. ಹೊರಟು ಹತ್ತು ಹೆಜ್ಜೆಯಾಗಿತ್ತಲ್ಲ. ಕೋಟಿನ ಗುಂಡಿ ಜಗ್ಗಿದರು, ಟೋಪಿ ಸರಿ ಮಾಡಿಕೊಂಡರು, ಬಿಟ್ಟದ್ದೇನಾದರೂ ಇದೆಯಾ ಅಂತ ತಿರುಗಿ ಸುತ್ತ ಕಣ್ಣಾಡಿಸಿದರು. ತೆರೆದ ಬಾಗಿಲಿನ ಮರೆಯಲ್ಲಿ, ಒಳಗೆ ಬರುವವರಿಗೆ ಕಾಣದ ಮೂಲೆಯಲ್ಲಿ, ಇನ್ನೊಂದು ಸಣ್ಣ ಫೋಟೋ ಇತ್ತು.

ಅದರಲ್ಲಿ ಸಾಹೇಬ ಇನ್ನೂ ಹರೆಯದವನು. ಕುದುರೆಯ ಮೇಲೆ ಕೂತಿದ್ದಾನೆ, ಆದರೆ ಈ ಕಡೆಯ ಕಾಲು ಮಾತ್ರ ಕುದುರೆಯ ಕುತ್ತಿಗೆಯ ಕಡೆಗೆ ಕೋಲಿನ ಹಾಗೆ ಚಾಚಿಕೊಂಡಿದೆ. ಮುಖ ಬೇವಿನಕಾಯಿ ಕಚ್ಚಿದ ಹಾಗಿದೆ. ಕೆಳಗೆ ಚೀಟಿ: ಯುದ್ಧದಲ್ಲಿ ಗಾಯಗೊಂಡ ಕಾಲಿನೊಂದಿಗೆ. ಫೋಟೋದ ಅಂಚಿನಲ್ಲಿ ರುಮಾಲಿನ ಒಂದು ಚುಂಗು, ಒಂದು ತೋಳು. ತೋಳಿನ ತುದಿಯ ಕೈ ಜೀನಿನ ಕೆಳಗೆ ಹೋಗಿದೆ. ಆ ಮನುಷ್ಯನ ಉಳಿದ ಭಾಗವನ್ನು ಫೋಟೋ ತೆಗೆದವನು ಹೊರಗೇ ಬಿಟ್ಟಿದ್ದ.

ಕಾಕಾ ನಕ್ಕರು. ನಾನು ಅವರು ಹಾಗೆ ನಕ್ಕಿದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಲೈಬ್ರರಿಯ ಕಡೆಯಿಂದ ಯಾರೋ ಬಂದು ಇಣುಕಿದರು. ಮಾರ್ಗರೆಟ್ ಕೋಲೂರಿಕೊಂಡು ಹತ್ತಿರ ಬಂದು ಏನಾಯಿತು ಅಂದರು. ಕಾಕಾ ಕಣ್ಣು ಒರೆಸಿಕೊಳ್ಳುತ್ತಾ, ಈ ಕಾಲಿಗೆ ಏನಾಗಿತ್ತು ಅಂತ ಕೇಳು ಅಂದರು. ಮಾರ್ಗರೆಟ್ ಹೇಳಿದರು: ತಾತನ ಕಾಲಿನ ಗಾಯ ಮನೆಯಲ್ಲೆಲ್ಲ ಪ್ರಸಿದ್ಧ. ಊಟದ ಮೇಜಿನ ಕೆಳಗೆ ಆ ಕಾಲಿಗೆ ಅಂತಲೇ ಒಂದು ಸ್ಟೂಲು ಇತ್ತು. ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಸ್ವಲ್ಪ ತಡೆದು, ಆದರೆ ಡ್ಯಾನ್ಸಿಗೆ ನಿಂತರೆ ಗಾಯದ ಕಾಲು ಯಾವುದು ಅಂತ ನನ್ನ ಅಜ್ಜಿಗೂ ಗೊತ್ತಾಗುತ್ತಿರಲಿಲ್ಲ ಅಂತ ಸೇರಿಸಿದರು.

ಕಾಕಾ ಬಾಗಿಲಿಗೆ ಅಡ್ಡ ಇಟ್ಟಿದ್ದ ಕುರ್ಚಿಯನ್ನು ಎಳೆದರು. "ಇವತ್ತ ನಾ ಹತ್ತತೀನಿ ತಂಗಿ. ನೀ ಮುತ್ಯಾ ಆಗು" ಅಂದರು.

ಕುರ್ಚಿಯ ಬೆನ್ನಿನ ಕಡೆಗೆ ಮುಖ ಮಾಡಿ, ಎರಡೂ ಕಡೆ ಕಾಲು ಹಾಕಿ ಕೂತರು. ಎಪ್ಪತ್ತು ದಾಟಿದ, ಕರೀ ಕೋಟಿನ ನಮ್ಮ ಕಾಕಾ. ನನ್ನ ಕೈಚೀಲದ ಪಟ್ಟಿಯನ್ನು ಕುರ್ಚಿಯ ಕೆಳಗಿನಿಂದ ಸುತ್ತಿ ತರಿಸಿದರು. ಈಗ ಬಿಗಿ ಅಂದರು. ಅವರ ತೊಡೆ ಅಡ್ಡ ಬಂತು, ಪಟ್ಟಿ ಕೈಗೆ ಸಿಗಲಿಲ್ಲ. ಕಾಲು ಅಡ್ಡ ಬರ್ತಾ ಇದೆ ಕಾಕಾ ಅಂದೆ. "ಸಾಹೇಬನ ಕಾಲು ಹಿಡದು ಮುಂದಕ್ಕ ದೂಡು" ಅಂದರು. ನಾನು ಅವರ ಮೊಳಕಾಲು ಹಿಡಿದು ಮುಂದಕ್ಕೆ ತಳ್ಳಿ, ಬಗ್ಗಿ ಪಟ್ಟಿ ಜಗ್ಗಿದೆ. ತಲೆ ಎತ್ತಿ ನೋಡುತ್ತೇನೆ, ಕಾಕಾನ ಕಾಲು ಕೋಲಿನ ಹಾಗೆ ಮುಂದಕ್ಕೆ ಚಾಚಿದೆ, ಮುಖ ಬೇವಿನಕಾಯಿ. ಆಳೊಬ್ಬ ಎಲ್ಲರ ಮುಂದೆ ಕಾಲು ಹಿಡಿದು ತಳ್ಳಿದರೆ ಯಾವ ಸಾಹೇಬನ ಮುಖ ತಾನೇ ಅರಳುತ್ತದೆ? ಮುತ್ಯಾ ದಿನಾ ಬೈಸಿಕೊಳ್ಳುತ್ತಿದ್ದದ್ದು ಇದಕ್ಕೇ. ಫೋಟೋದಲ್ಲಿರುವುದು ಗಾಯ ಅಲ್ಲ, ಎರಡನೇ ಸಲ ಪಟ್ಟಾ ಬಿಗಿಯುವ ಮುತ್ಯಾನ ಕೈ ಅಂತ ಮಾರ್ಗರೆಟ್ಟಿಗೆ ಹೇಳಿದೆ.

ಮಾರ್ಗರೆಟ್ ಫೋಟೋ ನೋಡಿದರು, ಕಾಕಾನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಗೋಡೆಗೆ ಒರಗಿಕೊಂಡು ನಗಲು ಶುರು ಮಾಡಿದವರು ಕೋಲು ಬಿದ್ದರೂ ನಿಲ್ಲಿಸಲಿಲ್ಲ. ಎಪ್ಪತ್ತು ವರ್ಷ ಆ ಸ್ಟೂಲಿಗೆ ಹೆದರಿಕೊಂಡು ಬದುಕಿದೆನಲ್ಲ ಅಂತ ನನಗೆ ಹೇಳಿದರು. ನಗು ಇಳಿದ ಮೇಲೆ ಚೀಟಿ ಕಿತ್ತು ತೆಗೆದರು, ಹೊಸ ಕಾಗದ ತರಿಸಿದರು, ಪೆನ್ನು ಬಿಚ್ಚಿದರು. ಹೆಸರು ಹೇಳಿ ಅಂದರು.

ಕಾಕಾ ಇನ್ನೂ ಕುರ್ಚಿಯ ಮೇಲೇ ಇದ್ದರು. ಇಳಿದರು. ಟೋಪಿ ತೆಗೆದರು.

"ಫಕ್ಕೀರಪ್ಪ" ಅಂದರು. "ಸೈಸ ಫಕ್ಕೀರಪ್ಪ."

ನಾನು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದೆ, ಆಕೆ ಬರೆದರು. ಗುರುತು ಹಿಡಿದವರು ಮೊಮ್ಮಗ ಅಂತ ನಿಮ್ಮ ಹೆಸರನ್ನೂ ಕೆಳಗೆ ಹಾಕುತ್ತೇನೆ ಅಂದಾಗ ಕಾಕಾ ಬೇಡವೇ ಬೇಡ ಅಂದರು. ಯಾಕೆ ಅಂತ ಆಕೆಗೆ ತಿಳಿಸಿ ಹೇಳು ಅಂತ ನನ್ನ ಕಡೆ ತಿರುಗಿದರು. "ಎರಡು ಹೆಸರು ಇದ್ರ ಮಂದಿ ಎರಡನೇದ್ದು ಓದ್ತಾರ, ಮೊದಲನೇದ್ದು ಮರೀತಾರ. ಒಂದ ಇರಲಿ. ನೀನೂ ನೆನಪಿಟ್ಕೊ ತಂಗಿ, ನಾ ಸತ್ತ ಮ್ಯಾಲೆ ಸಂಘದವರು ನಿನ್ನ ಕಡೇನ ಬರಸ್ತಾರ. ನನ್ನ ಹೆಸರು ಬರೀಬ್ಯಾಡ. ಮುತ್ಯಾಂದು ಬರಿ." ಸಾಯೋ ಮಾತು ಯಾಕೆ ಕಾಕಾ ಅಂತ ನಾನು ಬೈದೆ. ಮನೆಗೆ ಹೋಗುವ ದಾರಿಯಲ್ಲಿ ಕ್ವೀನ್ ಸ್ಟ್ರೀಟಿನಲ್ಲಿ ನಿಲ್ಲಿಸಿ ಐಸ್‌ಕ್ರೀಮ್ ತಿಂದೆವು. ಡಯಾಬಿಟಿಸ್ ಇರುವವರು, ಎರಡು ತಿಂದರು.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ, ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಮೊದಲನೇ ಸಲ ಕಟ್ಟಿದ್ದರು, ಎರಡನೇ ಸಲಕ್ಕೆ ಉಳಿಯಲಿಲ್ಲ ಅಂತ ಕಾಕು ಹೇಳಿ ಅತ್ತರು, ನಮ್ಮನ್ನೂ ಅಳಿಸಿದರು. ಫ್ಯೂನರಲ್ ಹೋಮಿಗೆ ವೇರ್‌ಹೌಸಿನಿಂದಲೂ ಜನ ಬಂದಿದ್ದರು. ಪೆಟ್ಟಿಗೆಯನ್ನು ಕರೀ ಗಾಡಿಯೊಳಗೆ ಇಟ್ಟು, ಕೊಂಡಿ ಹಾಕಿ, ಬಾಗಿಲು ಮುಚ್ಚಿದರು. ಗಾಡಿ ನಿಧಾನವಾಗಿ ಹೊರಟು ಹತ್ತು ಹೆಜ್ಜೆ ಹೋಗಿರಬಹುದು. ಜಸ್ಬೀರ ಹಿಮದಲ್ಲಿ ಓಡಿ ಹೋಗಿ ಗಾಡಿಯ ಗಾಜು ಬಡಿದ. ಡ್ರೈವರು ಗಾಬರಿಯಾಗಿ ನಿಲ್ಲಿಸಿದ. ಜಸ್ಬೀರ ಹಿಂದಿನ ಬಾಗಿಲು ತೆಗೆಸಿ, ಅರ್ಧ ಮೈ ಒಳಗೆ ಹಾಕಿ, ಕೊಂಡಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದ. ಬಾಗಿಲು ಮುಚ್ಚಿ, ಗಾಡಿಯ ಬೆನ್ನು ತಟ್ಟಿ, ಹೋಗು ಅಂತ ಕೈ ಬೀಸಿದ.

ಸಂಪಾದಕರೇ, ನಿಮ್ಮ ಫಾರಮ್ಮನ್ನು ತುಂಬಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ಹುಟ್ಟೂರು, ವಿದ್ಯಾಭ್ಯಾಸ, ಹುದ್ದೆ ಎಲ್ಲ ಖಾಲಿ. ಹೆಸರು ಅನ್ನುವ ಕಡೆ ಮಾತ್ರ ಬರೆದಿದ್ದೇನೆ: ಸೈಸ ಫಕ್ಕೀರಪ್ಪ. ಕವರು ಅಂಟಿಸಿ ಬಾಗಿಲವರೆಗೆ ಹೋದವಳು ವಾಪಸ್ಸು ಬಂದು, ಒಡೆದು, ಹೆಸರನ್ನು ಇನ್ನೊಂದು ಸಲ ನೋಡಿದೆ. ಸರಿಯಾಗಿದೆ, ಹಾಗೇ ಅಚ್ಚು ಹಾಕಿ.